ಮದ್ದಿನ ಅಳತೆ

ಕಾಸರಗೋಡು ಪಟ್ಟಣದಿಂದ ಸುಮಾರು 8 ಕಿಲೋಮೀಟರ್ ಒಳಗೆ, ಮಧುವಾಹಿನಿ ಹೊಳೆಯ ದಡದಲ್ಲಿರುವ ಮಧೂರು, ಗಜಪೃಷ್ಠಾಕಾರದ ಮೂರು ನೆಲೆಗಳ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನಕ್ಕೂ ಅಲ್ಲಿನ ಅಪ್ಪದ ಪ್ರಸಾದಕ್ಕೂ ಹೆಸರಾದ ಊರು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಮಾತುಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ಈ ಸೀಮೆಯ ಕನ್ನಡದಲ್ಲಿ ‘ಮದ್ದು’ ಎಂಬ ಪದಕ್ಕೆ ಇರುವಷ್ಟು ಹರವು ಬೇರೆ ಪದಗಳಿಗೆ ವಿರಳ. ಕಾಯಿಲೆಗೆ ಕುಡಿಯುವುದೂ ಮದ್ದು, ಅಡಿಕೆಯ ಗೊನೆಗೆ ಸಿಂಪಡಿಸುವುದೂ ಮದ್ದು, ವೈರಿಯ ಊಟದಲ್ಲಿ ಗುಟ್ಟಾಗಿ ಬೆರೆಸುತ್ತಾರೆಂದು ಜನ ಅಂಜುವುದೂ ಮದ್ದು, ಗರ್ನಾಲಿನಲ್ಲಿ ಸಿಡಿಯುವುದೂ ಮದ್ದು. ಗುಣಪಡಿಸುವ ವಸ್ತುವನ್ನೂ ಕೊಲ್ಲುವ ವಸ್ತುವನ್ನೂ ಒಂದೇ ಹೆಸರಿನಿಂದ ಕರೆದ ಹಿರಿಯರು ಅವೆರಡರ ನಡುವಿನ ಗೆರೆಯನ್ನು ಅಳತೆಗೆ ಬಿಟ್ಟಿದ್ದರು. ಕ್ಲೋರಿನ್ ಬೆರೆತ ಕೆಲವು ರಾಸಾಯನಿಕಗಳು ಕಳೆದ ಶತಮಾನದಲ್ಲಿ ಕನ್ನಡದ ಕರಾವಳಿಯ ಮೇಲೆ ಹಾದುಹೋದ ಬಗೆಯನ್ನೂ, ಅದೇ ಕುಲದ ಒಂದು ವಸ್ತು ಅಡ್ರಿನಲ್ ಗ್ರಂಥಿಯ ಅತಿ ವಿರಳವಾದ ಅರ್ಬುದಕ್ಕೆ ಔಷಧವಾದ ಬಗೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಗೆರೆಯ ಚರಿತ್ರೆ ಸ್ಪಷ್ಟವಾಗುತ್ತದೆ.

ಈ ಸೀಮೆಯ ರೈತನಿಗೆ ಮೊದಲು ಪರಿಚಯವಾದ ರಾಸಾಯನಿಕ ಮದ್ದೆಂದರೆ ಮೈಲುತುತ್ತು ಮತ್ತು ಸುಣ್ಣದಿಂದ ತಯಾರಾಗುವ ಬೋರ್ಡೋ ದ್ರಾವಣ. ಮಳೆಗಾಲದಲ್ಲಿ ಅಡಿಕೆಯ ಎಳೆಗಾಯಿಗಳನ್ನು ಉದುರಿಸುವ ಕೊಳೆರೋಗದ ಮೂಲವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಗುರುತಿಸಿ, ಅದನ್ನು ತಡೆಯಲು ಈ ದ್ರಾವಣವನ್ನು ಬಳಕೆಗೆ ತಂದರು. ಮಧೂರಿಗೆ ಹತ್ತಿರದ ಕೂಡ್ಲಿನಲ್ಲಿ 1916ರಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರವು ಮುಂದೆ 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆದು, ತೋಟದ ಬೆಳೆಗಳ ರೋಗ ಮತ್ತು ಕೀಟಗಳ ಅಧ್ಯಯನವನ್ನು ಊರಿನ ಬಾಗಿಲಿಗೇ ತಂದಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ಅಕ್ಷರ ಬಾರದ ಕೆಲಸಗಾರನೂ ಬಾಯಿಪಾಠ ಹೇಳಬಲ್ಲವನಾಗಿದ್ದ. ಮರವೇರಿ ಗೊನೆಗೊನೆಗೆ ಮದ್ದು ಬಿಡುವ ಆ ಕೆಲಸದಲ್ಲಿ ಮದ್ದು ಬಿಡುವವನಿಗೂ ತೋಟದ ಯಜಮಾನನಿಗೂ ಮದ್ದು ಎಲ್ಲಿಗೆ ಬೀಳುತ್ತದೆ, ಎಷ್ಟು ಬೀಳುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು.

ಎರಡನೆಯ ಮಹಾಯುದ್ಧದ ನಂತರ ಬಂದ ಡಿಡಿಟಿ ಬೇರೆ ಜಾತಿಯದು. 1874ರಲ್ಲಿ ಆಸ್ಟ್ರಿಯದ ಓತ್ಮಾರ್ ಜೈಡ್ಲರ್ ಮೊದಲ ಬಾರಿಗೆ ತಯಾರಿಸಿದ್ದ ಈ ಸಂಯುಕ್ತದ ಕೀಟನಾಶಕ ಗುಣವನ್ನು 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಕಂಡುಹಿಡಿದು, ಅದಕ್ಕಾಗಿ 1948ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಭಾರತದ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಮನೆಯೊಳಗಿನ ಗೋಡೆಗಳಿಗೆ ಡಿಡಿಟಿ ಹೊಡೆಯುವ ಆರಂಭದ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು ಕನ್ನಡ ನೆಲದಲ್ಲಿ: ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಈ ಕಾರ್ಯ ಆರಂಭವಾಯಿತು. ಅದರ ಯಶಸ್ಸು 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿಯಾಯಿತು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲಿ 8 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜಿಸಲಾಗಿದ್ದರೆ, 1965ರ ವೇಳೆಗೆ ವರದಿಯಾದ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿದಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು ಮನೆಮನೆಗೆ ಮದ್ದು ಹೊಡೆದು, ಗೋಡೆಯ ಮೇಲೆ ದಿನಾಂಕ ಬರೆದು ಹೋಗುವ ಸರಕಾರಿ ನೌಕರನನ್ನು ಹಳ್ಳಿಗಳು ಜೀವ ಉಳಿಸುವವನೆಂದೇ ಕಂಡವು. ಹಾಗೆ ಕಂಡದ್ದು ತಪ್ಪೂ ಅಲ್ಲ. ಡಿಡಿಟಿ ತಯಾರಿಸಲೆಂದು 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಎಂಬ ಸಾರ್ವಜನಿಕ ಉದ್ಯಮ ಕೊಚ್ಚಿಯ ಸಮೀಪದ ಉದ್ಯೋಗಮಂಡಲದಲ್ಲಿಯೂ ಕಾರ್ಖಾನೆ ತೆರೆಯಿತು. ಮುಂದೆ ಅದೇ ಕಾರ್ಖಾನೆಯಲ್ಲಿ ಎಂಡೋಸಲ್ಫಾನ್ ಎಂಬ ಇನ್ನೊಂದು ಕೀಟನಾಶಕವೂ ತಯಾರಾಯಿತು.

ಡಿಡಿಟಿಗೆ ಡಿಡಿಡಿ ಎಂಬ ಸಮೀಪದ ನೆಂಟನಿದೆ. ಅಣುವಿನಲ್ಲಿ ಕ್ಲೋರಿನ್ನಿನ ಒಂದು ಪರಮಾಣು ಕಡಿಮೆ ಎಂಬುದಷ್ಟೇ ಅವುಗಳ ನಡುವಿನ ವ್ಯತ್ಯಾಸ. ಇದನ್ನೂ ಕೀಟನಾಶಕವಾಗಿ ಮಾರುತ್ತಿದ್ದರು. ಇದರ ವಿಷಗುಣ ತಿಳಿಯಲು ಅಮೆರಿಕದಲ್ಲಿ ನಾಯಿಗಳಿಗೆ ತಿನ್ನಿಸಿ ನೋಡಿದ ನೆಲ್ಸನ್ ಮತ್ತು ವುಡರ್ಡ್ ಎಂಬ ಸಂಶೋಧಕರು 1949ರಲ್ಲಿ ಅನಿರೀಕ್ಷಿತವಾದ ಒಂದು ಸಂಗತಿಯನ್ನು ವರದಿ ಮಾಡಿದರು: ನಾಯಿಗಳ ಅಡ್ರಿನಲ್ ಗ್ರಂಥಿಯ ಹೊರಪದರ ಸೊರಗಿ, ಅದರ ಜೀವಕೋಶಗಳು ಸತ್ತಿದ್ದವು. ಈ ವರದಿಯ ಮಹತ್ವ ತಿಳಿಯಬೇಕಾದರೆ ಆ ಗ್ರಂಥಿಯ ಸ್ವರೂಪವನ್ನೂ ಅದರ ರೋಗವನ್ನೂ ಅರಿಯುವುದು ಅಗತ್ಯ.

ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತಿರುವ, ತಲಾ ನಾಲ್ಕೈದು ಗ್ರಾಂ ತೂಗುವ ಜೋಡಿ ಅಂಗಗಳೇ ಅಡ್ರಿನಲ್ ಗ್ರಂಥಿಗಳು. ‘ಗ್ರಂಥಿ’ ಎಂಬ ಪದಕ್ಕೇ ಒಂದು ಚರಿತ್ರೆಯಿದೆ: ಸುಶ್ರುತ ಸಂಹಿತೆಯಲ್ಲಿ ಗ್ರಂಥಿಯೆಂದರೆ ಗಂಟಿನಂತಹ ಬಾವು, ಅರ್ಬುದವೆಂದರೆ ಅದಕ್ಕಿಂತ ದೊಡ್ಡದಾಗಿ, ಆಳವಾಗಿ, ನಿಧಾನವಾಗಿ ಬೆಳೆಯುವ ಮಾಂಸದ ಗಡ್ಡೆ. ಆಧುನಿಕ ಕನ್ನಡ ಮೊದಲ ಪದವನ್ನು ರಸ ಸ್ರವಿಸುವ ಆರೋಗ್ಯವಂತ ಅಂಗಕ್ಕೂ ಎರಡನೆಯದನ್ನು ಕ್ಯಾನ್ಸರಿಗೂ ಬಳಸಿಕೊಂಡಿತು. ಅಡ್ರಿನಲ್ ಗ್ರಂಥಿಯಲ್ಲಿ ಎರಡು ಅಂಗಗಳು ಒಂದರೊಳಗೊಂದು ಕೂಡಿವೆಯೆನ್ನಬಹುದು. ಒಳಗಿನ ತಿರುಳು ಭಯ ಮತ್ತು ಆವೇಗದ ಗಳಿಗೆಯಲ್ಲಿ ಎದೆಬಡಿತ ಹೆಚ್ಚಿಸುವ ಅಡ್ರಿನಲಿನ್ ಅನ್ನು ಸ್ರವಿಸಿದರೆ, ಹೊರಪದರವು ಮೂರು ಸ್ತರಗಳಲ್ಲಿ ಮೂರು ಬಗೆಯ ಹಾರ್ಮೋನುಗಳನ್ನು, ಎಂದರೆ ರಕ್ತದ ಮೂಲಕ ಸಾಗಿ ದೂರದ ಅಂಗಗಳನ್ನು ಆಳುವ ರಸಗಳನ್ನು ತಯಾರಿಸುತ್ತದೆ: ಉಪ್ಪು, ನೀರು ಮತ್ತು ರಕ್ತದೊತ್ತಡವನ್ನು ಕಾಯುವ ಆಲ್ಡೊಸ್ಟಿರೋನ್, ಕಾಯಿಲೆ ಮತ್ತು ಉಪವಾಸಗಳಲ್ಲಿ ದೇಹವನ್ನು ತಾಳಿಸುವ ಕಾರ್ಟಿಸೋಲ್, ಮತ್ತು ಗಂಡಸುತನದ ಲಕ್ಷಣಗಳಿಗೆ ಕಾರಣವಾಗುವ ಆಂಡ್ರೊಜೆನ್‌ಗಳು.

ಇಟಲಿಯ ಬಾರ್ತೊಲೊಮಿಯೊ ಯುಸ್ತಾಕಿ 1563ರಲ್ಲಿ ವರ್ಣಿಸಿದ ಈ ಗ್ರಂಥಿಗಳ ಪ್ರಯೋಜನ ಏನೆಂಬುದು ಮುಂದಿನ ಮುನ್ನೂರು ವರ್ಷಗಳವರೆಗೂ ಒಗಟಾಗಿಯೇ ಉಳಿಯಿತು. 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್, ಮೈ ಕಪ್ಪಿಟ್ಟು, ಶಕ್ತಿ ಕುಂದಿ ಸತ್ತ ರೋಗಿಗಳಲ್ಲಿ ಈ ಗ್ರಂಥಿಗಳು ನಾಶವಾಗಿದ್ದುದನ್ನು ತೋರಿಸಿದ ಮೇಲೆ, ಅವಿಲ್ಲದೆ ಬದುಕಿಲ್ಲವೆಂಬುದು ತಿಳಿಯತೊಡಗಿತು. 1901ರಲ್ಲಿ ಜಪಾನಿನ ಜೊಕಿಚಿ ತಾಕಾಮಿನೆ ಅಡ್ರಿನಲಿನ್ ಅನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. 1932ರಲ್ಲಿ ಹಾರ್ವೆ ಕುಶಿಂಗ್, ಕಾರ್ಟಿಸೋಲ್ ಮಿತಿಮೀರಿದಾಗ ಕಾಣುವ ಲಕ್ಷಣಗಳ ಗುಚ್ಛವನ್ನು ನಿರೂಪಿಸಿದರು. ಹೊರಪದರದ ಹಾರ್ಮೋನುಗಳ ಸಂಶೋಧನೆಗಾಗಿ ಕೆಂಡಾಲ್, ಹೆಂಚ್ ಮತ್ತು ರೈಖ್‌ಸ್ಟೈನ್ ಅವರಿಗೆ 1950ರಲ್ಲಿ ನೊಬೆಲ್ ದೊರೆಯಿತು. ನಾಯಿಗಳ ಮೇಲಿನ ವರದಿ ಹೊರಬಿದ್ದದ್ದು, ಹೀಗೆ ವೈದ್ಯಲೋಕದ ಕಣ್ಣು ಈ ಹೊರಪದರದ ಮೇಲೆ ನೆಟ್ಟಿದ್ದ ಕಾಲದಲ್ಲಿ.

ಆ ಹೊರಪದರದಲ್ಲಿ ಹುಟ್ಟುವ ಅರ್ಬುದ ಅತಿ ವಿರಳವಾದದ್ದು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರು ಅಥವಾ ಇಬ್ಬರಿಗೆ ಮಾತ್ರ ಇದು ತಗಲುತ್ತದೆ. ಒಳತಿರುಳಿನಲ್ಲಿ ಹುಟ್ಟಿ ರಕ್ತದೊತ್ತಡವನ್ನು ಹಠಾತ್ತನೆ ಏರಿಸುವ ಫಿಯೋಕ್ರೊಮೊಸೈಟೋಮ ಎಂಬ ಗಡ್ಡೆ ಇದಕ್ಕಿಂತ ಬೇರೆ. ಹೊರಪದರದ ಅರ್ಬುದ ಎಳೆಯ ಮಕ್ಕಳಲ್ಲಿ ಮತ್ತು ನಲವತ್ತರಿಂದ ಅರವತ್ತರ ನಡುವಿನ ವಯಸ್ಸಿನವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಗಡ್ಡೆಯೇ ಹಾರ್ಮೋನುಗಳನ್ನು ಲೆಕ್ಕವಿಲ್ಲದೆ ಸುರಿಸುವುದರಿಂದ ಮುಖ ದುಂಡಗಾಗಿ ಕೆಂಪೇರುತ್ತದೆ, ತೋಳು ತೊಡೆಗಳು ಸಣಕಲಾಗಿ ಹೊಟ್ಟೆ ಮಾತ್ರ ಬೆಳೆಯುತ್ತದೆ, ಚರ್ಮದ ಮೇಲೆ ನೇರಳೆ ಗೆರೆಗಳೇಳುತ್ತವೆ, ಹೆಂಗಸರಿಗೆ ಮೀಸೆ ಗಡ್ಡ ಮೂಡಿ ಧ್ವನಿ ಗಡುಸಾಗುತ್ತದೆ, ಮಕ್ಕಳು ಅಕಾಲದಲ್ಲಿ ಪ್ರಾಯಕ್ಕೆ ಬರುತ್ತಾರೆ. ಬಿಪಿ ಮತ್ತು ಶುಗರ್ ಒಮ್ಮೆಲೇ ಏರಿದಾಗ ಅವೆರಡಕ್ಕೂ ಬೇರೆ ಬೇರೆ ಮಾತ್ರೆ ಕೊಟ್ಟು, ಮೂಲವನ್ನು ಹುಡುಕದೆ ಹೋಗುವ ಸಾಧ್ಯತೆ ಇಲ್ಲಿ ಹೆಚ್ಚು. ಹಾರ್ಮೋನು ಸುರಿಸದ ಗಡ್ಡೆಯಾದರೋ ಹೊಟ್ಟೆಯ ಆಳದಲ್ಲಿ ಸದ್ದಿಲ್ಲದೆ ಬೆಳೆದು, ಹತ್ತು ಸೆಂಟಿಮೀಟರ್ ದಾಟಿದ ಮೇಲೆ ಕಿಬ್ಬದಿಯ ನೋವಾಗಿ ಕಾಣಿಸಿಕೊಳ್ಳುವುದುಂಟು. ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಕಾಣುವ ಅಡ್ರಿನಲ್ ಗಡ್ಡೆಗಳಲ್ಲಿ ಬಹುಪಾಲು ನಿರುಪದ್ರವಿಗಳೆಂಬುದನ್ನೂ ಇದರ ಜೊತೆಗೆ ಹೇಳಬೇಕು.

ರೋಗಕ್ಕೆ ತಿಳಿದಿರುವ ಕಾರಣಗಳಲ್ಲಿ ಮುಖ್ಯವಾದವು ವಂಶವಾಹಿಗಳಿಗೆ ಸಂಬಂಧಿಸಿದವು. ಜೀವಕೋಶಗಳು ಮಿತಿಮೀರಿ ಬೆಳೆಯದಂತೆ ಕಾಯುವ ಟಿಪಿ53 ಎಂಬ ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿರುವ ಕುಟುಂಬಗಳ ಮಕ್ಕಳಿಗೆ ಇದು ತಗಲುವ ಸಂಭವ ಹೆಚ್ಚು. ದಕ್ಷಿಣ ಬ್ರೆಜಿಲ್ಲಿನ ಮಕ್ಕಳಲ್ಲಿ ಈ ಅರ್ಬುದ ಉಳಿದ ದೇಶಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕಾಣುವುದಕ್ಕೆ ಆ ವಂಶವಾಹಿಯ ಒಂದು ನಿರ್ದಿಷ್ಟ ದೋಷ ಕಾರಣವೆಂಬುದು 2001ರಲ್ಲಿ ಗೊತ್ತಾಯಿತು. ಕೀಟನಾಶಕಗಳಿಂದ ಈ ಅರ್ಬುದ ಹುಟ್ಟುತ್ತದೆಂಬುದಕ್ಕೆ ಸಿದ್ಧವಾದ ಆಧಾರವಿಲ್ಲ. ಆದ್ದರಿಂದ ಮುಂದೆ ಬರುವ ಕಾಸರಗೋಡಿನ ವಿಷದ ಕಥೆಗೂ ಈ ರೋಗಕ್ಕೂ ಇರುವ ನಂಟು ಕಾರಣ ಮತ್ತು ಕಾರ್ಯದ್ದಲ್ಲ, ಮದ್ದಿನ ಕುಲದ್ದು.

ನಾಯಿಗಳ ಗ್ರಂಥಿಯನ್ನು ಕೊಂದ ವಸ್ತು ಮನುಷ್ಯನ ಅದೇ ಗ್ರಂಥಿಯಲ್ಲಿ ಬೆಳೆದ ಅರ್ಬುದವನ್ನೂ ಕೊಲ್ಲಬಹುದೆಂಬ ಊಹೆಯ ಮೇಲೆ ನಡೆದ ಪ್ರಯತ್ನಗಳ ಫಲವನ್ನು ಬರ್ಗೆನ್‌ಸ್ಟಾಲ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದರು. ಡಿಡಿಡಿಯ ಮಿಶ್ರಣದಿಂದ ಬೇರ್ಪಡಿಸಿದ ಒಂದು ನಿರ್ದಿಷ್ಟ ರೂಪ ಮೈಟೊಟೇನ್ ಎಂಬ ಹೆಸರಿನಲ್ಲಿ 1970ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮಾನ್ಯವಾಯಿತು. ಅದಕ್ಕೂ ಮೊದಲೇ ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್ ಎಂಬ ಸರೋವರಕ್ಕೆ, ನುಸಿಗಳನ್ನು ಕೊಲ್ಲಲೆಂದು 1949ರಿಂದ ಸುರಿದಿದ್ದ ಡಿಡಿಡಿ ಮೀನುಗಳ ಕೊಬ್ಬಿನಲ್ಲಿ ಸೇರಿ, ಅವನ್ನು ತಿಂದ ನೀರುಹಕ್ಕಿಗಳನ್ನು ಕೊಂದಿತ್ತು. 1962ರ ‘ಸೈಲೆಂಟ್ ಸ್ಪ್ರಿಂಗ್’ ಕೃತಿಯಲ್ಲಿ ಈ ಹಕ್ಕಿಗಳ ಸಾವನ್ನು ಬರೆದ ರೇಚಲ್ ಕಾರ್ಸನ್, ಅದೇ ವಸ್ತುವನ್ನು ಅಡ್ರಿನಲ್ಲಿನ ಒಂದು ವಿರಳ ಅರ್ಬುದದ ಚಿಕಿತ್ಸೆಗೆ ವೈದ್ಯರು ಬಳಸುತ್ತಿರುವುದನ್ನೂ ಅಲ್ಲಿಯೇ ದಾಖಲಿಸಿದರು. ಸ್ವತಃ ಅರ್ಬುದದಿಂದ ನರಳುತ್ತಲೇ ಆ ಪುಸ್ತಕ ಮುಗಿಸಿದ ಅವರು 1964ರಲ್ಲಿ ತೀರಿಕೊಂಡರು.

ಕಾರ್ಸನ್ ಎಚ್ಚರಿಸಿದ ಎರಡು ದಶಕದೊಳಗೆ ಅದೇ ಕ್ಲೋರಿನ್ ಕುಲದ ಇನ್ನೊಂದು ಸಂತಾನ ಮಧೂರಿನ ಪೂರ್ವದ ಗುಡ್ಡಗಳಿಗೆ ಬಂದಿತು. 1950ರ ದಶಕದಲ್ಲಿ ಜರ್ಮನಿಯ ಹೂಕ್ಸ್ಟ್ ಕಂಪನಿ ರೂಪಿಸಿದ ಎಂಡೋಸಲ್ಫಾನ್, ಗೇರಿನ ಚಿಗುರನ್ನು ಒಣಗಿಸುವ ಟೀ ಸೊಳ್ಳೆ ಎಂಬ ಕೀಟದ ವಿರುದ್ಧ ಬಳಕೆಯಾದ ಮದ್ದು. ಬದಿಯಡ್ಕ, ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮುಂತಾದ ಕಡೆಗಳಲ್ಲಿ ಗುಡ್ಡದ ನೆತ್ತಿಗಳನ್ನು ಆವರಿಸಿದ್ದ, ಜಿಲ್ಲೆಯಲ್ಲಿ ಒಟ್ಟು 4,600 ಹೆಕ್ಟೇರಿಗೂ ಹೆಚ್ಚಿದ್ದ ಸರಕಾರಿ ಗೇರು ತೋಟಗಳನ್ನು ನೋಡಿಕೊಳ್ಳುತ್ತಿದ್ದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್, 1970ರ ದಶಕದ ಕೊನೆಯಿಂದ 2000ದ ಡಿಸೆಂಬರಿನವರೆಗೆ ಹೆಲಿಕಾಪ್ಟರಿನಿಂದ ಈ ಮದ್ದನ್ನು ವರ್ಷಕ್ಕೆ ಎರಡು ಮೂರು ಸಲ ಸಿಂಪಡಿಸಿತು. ಸಿಂಪಡಿಸುವ ಮುನ್ನ ಬಾವಿಗಳನ್ನು ಮುಚ್ಚಬೇಕೆಂಬುದು ನಿಯಮವಾಗಿತ್ತು. ಆದರೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದಲೂ ತೋಡುಗಳಿಂದಲೂ ನೀರು ಕುಡಿಯುವ ಪಡ್ರೆಯಂತಹ ಊರುಗಳಲ್ಲಿ, ಗುಡ್ಡವೇ ಬಾವಿಯಾಗಿರುವಾಗ ಮುಚ್ಚುವುದು ಯಾವುದನ್ನು ಎಂಬ ಪ್ರಶ್ನೆಯನ್ನು ನಿಯಮ ಮಾಡಿದವರು ಕೇಳಿಕೊಂಡಿರಲಿಲ್ಲ.

ಅಂಗವಿಕಲವಾಗಿ ಹುಟ್ಟಿದ ಕರುಗಳ ಸಂಗತಿಯನ್ನು 1980ರ ಸುಮಾರಿಗೆ ಮೊದಲು ಬರಹಕ್ಕೆ ತಂದವರು ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆ. ಅಲ್ಲಿಯೇ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್, ತಮ್ಮ ಬಳಿಗೆ ಬರುವ ಮನೆಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಮತ್ತು ಅರ್ಬುದಗಳು ವಿಚಿತ್ರವಾಗಿ ದಟ್ಟೈಸಿರುವುದನ್ನು ಗುರುತಿಸಿದರು. ಪೆರಿಯದ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿ 1998ರಲ್ಲಿ ಸಿಂಪಡಣೆಗೆ ತಡೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಸಿಂಪಡಣೆಗೆ ಒಳಗಾದ ಊರಿನ 117 ಹುಡುಗರನ್ನೂ ಬೇರೆ ಊರಿನ 90 ಹುಡುಗರನ್ನೂ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ, ಮೊದಲ ಗುಂಪಿನವರು ಪ್ರಾಯಕ್ಕೆ ಬರುವುದು ತಡವಾಗಿದೆಯೆಂದೂ ಲೈಂಗಿಕ ಹಾರ್ಮೋನುಗಳ ತಯಾರಿಗೆ ಅಡ್ಡಿಯಾಗಿರಬಹುದೆಂದೂ ಹೇಳಿತು. ಡಿಡಿಡಿ ನಾಯಿಗಳಲ್ಲಿ ಕೆಡಿಸಿದ್ದೂ ಹಾರ್ಮೋನು ತಯಾರಿಸುವ ಅಂಗವನ್ನೇ. ಕೊಬ್ಬಿನಲ್ಲಿ ಕರಗಿ, ದೇಹದಲ್ಲಿ ನೆಲೆನಿಂತು, ಹಾರ್ಮೋನುಗಳ ಕೆಲಸದಲ್ಲಿ ಕೈಹಾಕುವ ಗುಣ ಈ ಕುಲದ ಹಲವು ವಸ್ತುಗಳಿಗೆ ಸಮಾನವಾದದ್ದು. ಗಡಿಯಾಚೆ ಕರ್ನಾಟಕದ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರು ತೋಟಗಳ ಸುತ್ತಲೂ ಇದೇ ಯಾತನೆ ಬೆಳಕಿಗೆ ಬಂದಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ ತಿಂಗಳಲ್ಲಿ ಭಾರತದ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಸಂತ್ರಸ್ತ ಪ್ರದೇಶವೆಂದು ಸರಕಾರ ಗುರುತಿಸಿದ 11 ಪಂಚಾಯತುಗಳಲ್ಲಿ ಮಧೂರು ಸೇರಿಲ್ಲ. ಆದರೆ ಆ ಊರುಗಳ ಜನ ಪೇಟೆಗೂ ಆಸ್ಪತ್ರೆಗೂ ಹರಕೆಗೂ ಇಳಿದು ಬರುವ ಸೀಮೆಯಲ್ಲಿಯೇ ಅದು ಇದೆ.

ಇಳಿದು ಬಂದವರು ಮುಂದೆ ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೆ 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ವಿಚಿತ್ರ ಉತ್ತರ ಬರೆಯಿತು. ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡಿಗೆ ಜಿಲ್ಲಾ ಕೇಂದ್ರವೇ ಮಂಗಳೂರು. 1848ರ ವೆನ್ಲಾಕ್ ಆಸ್ಪತ್ರೆ, 1880ರಲ್ಲಿ ಕಂಕನಾಡಿಯಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆ, ಕಸ್ತೂರ್ಬಾ ಮೆಡಿಕಲ್ ಕಾಲೇಜುಗಳ ಕಡೆಗೆ ರೋಗಿಗಳ ಹಾದಿ ಸವೆದಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಗಡಿ ಕದಲಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಜಿಲ್ಲೆಯಾಯಿತು. ಹೀಗಾಗಿ ಅರ್ಬುದವೆಂಬ ಮಾತು ಕಿವಿಗೆ ಬಿದ್ದ ಮನೆಯ ಮುಂದೆ, 50 ಕಿಲೋಮೀಟರ್ ದೂರದ ಪರರಾಜ್ಯದ ಮಂಗಳೂರು, 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ, 1981ರಲ್ಲಿ ಸ್ಥಾಪನೆಯಾದ, 500 ಕಿಲೋಮೀಟರಿಗೂ ಹೆಚ್ಚು ದೂರದ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಎಂಬ ದಾರಿಗಳು ತೆರೆದುಕೊಂಡವು. 2020ರ ಮಾರ್ಚಿನಲ್ಲಿ ಕೊರೋನಾದ ಕಾರಣಕ್ಕೆ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಮಂಗಳೂರು ಈ ಜಿಲ್ಲೆಯ ಉಸಿರೆಂಬುದು ಆಂಬುಲೆನ್ಸುಗಳ ಸಾಲಿನಿಂದಲೇ ಎಲ್ಲರಿಗೂ ತಿಳಿಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವಿಗೆ ಆದೇಶಿಸಬೇಕಾಯಿತು. ಜಿಲ್ಲೆಯ ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ಸರಕಾರಿ ಮೆಡಿಕಲ್ ಕಾಲೇಜಿನ ಹೊರರೋಗಿ ವಿಭಾಗ ತೆರೆದದ್ದು 2022ರ ಜನವರಿಯಲ್ಲಿ.

ವಿರಳ ರೋಗಕ್ಕೆ ದೂರ ಇನ್ನೂ ದೊಡ್ಡ ಶತ್ರು. ಅಡ್ರಿನಲ್ ಅರ್ಬುದದಲ್ಲಿ ಗಡ್ಡೆಯನ್ನು ಅದರ ಕವಚ ಒಡೆಯದಂತೆ ಇಡಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಗುಣದ ಮುಖ್ಯ ಆಸರೆ. ಬಲಗಡೆಯಲ್ಲಿ ಯಕೃತ್ತು ಮತ್ತು ದೇಹದ ಅತಿ ದೊಡ್ಡ ಅಭಿಧಮನಿ, ಎಡಗಡೆಯಲ್ಲಿ ಗುಲ್ಮ ಮತ್ತು ಮೇದೋಜೀರಕಗಳ ನೆರೆಯಲ್ಲಿ ನಡೆಯುವ ಈ ಕೆಲಸ ಪಳಗಿದ ಕೈಯನ್ನು ಬೇಡುತ್ತದೆ. ಸೂಜಿ ಚುಚ್ಚಿ ತುಣುಕು ತೆಗೆಯುವ ಪರೀಕ್ಷೆಯನ್ನು ಇಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ, ಏಕೆಂದರೆ ಅದು ರೋಗವನ್ನು ಚೆಲ್ಲಬಹುದು, ಹಾಗಿದ್ದೂ ಖಚಿತ ಉತ್ತರ ಕೊಡದೆ ಹೋಗಬಹುದು. ಬದಲಿಗೆ ರಕ್ತ, 24 ಗಂಟೆಗಳ ಮೂತ್ರ ಮತ್ತು ಸ್ಕ್ಯಾನುಗಳಿಂದ ನಿರ್ಣಯ ನಡೆಯುತ್ತದೆ. ಶಸ್ತ್ರಕ್ರಿಯೆಯ ಬಳಿಕ ರೋಗ ಮರಳುವ ಭಯವಿದ್ದಾಗ, ಅಥವಾ ಗಡ್ಡೆ ಬೇರೆಡೆಗೆ ಹರಡಿದ್ದಾಗ ಮೈಟೊಟೇನ್ ಬರುತ್ತದೆ. ಈ ಒಂದೇ ಅರ್ಬುದಕ್ಕೆಂದು ಮಾನ್ಯವಾದ, ಅರ್ಧ ಶತಮಾನ ದಾಟಿದರೂ ಬದಲಿ ಸಿಗದ ಮಾತ್ರೆಯಿದು.

ಈ ಮಾತ್ರೆಯನ್ನು ಕೊಡುವ ಕ್ರಮದಲ್ಲಿ ಆ ರಾಸಾಯನಿಕ ಕುಲದ ಇಡೀ ಚರಿತ್ರೆಗೆ ಉತ್ತರವಿದೆ. ರಕ್ತದ ಒಂದು ಲೀಟರಿನಲ್ಲಿ 14 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಅದು ಅರ್ಬುದವನ್ನು ಹಿಡಿಯುವ ಭರವಸೆಯಿಲ್ಲ, 20 ಮಿಲಿಗ್ರಾಂ ದಾಟಿದರೆ ಮಿದುಳನ್ನು ಕಾಡಿ ತಲೆತಿರುಗು, ಮರೆವು, ತೊದಲುಗಳನ್ನು ತರುತ್ತದೆ. ಡಿಡಿಟಿಯಂತೆಯೇ ಕೊಬ್ಬಿನಲ್ಲಿ ಅಡಗುವುದರಿಂದ ಸರಿಯಾದ ಮಟ್ಟಕ್ಕೆ ಏರಲು ವಾರಗಳು, ನಿಲ್ಲಿಸಿದ ಮೇಲೆ ದೇಹ ಬಿಟ್ಟು ಹೋಗಲು ತಿಂಗಳುಗಳು ಬೇಕು. ಅಷ್ಟು ಕಾಲವೂ ರಕ್ತವನ್ನು ಮತ್ತೆ ಮತ್ತೆ ಅಳೆಯುತ್ತಿರಬೇಕು. ಆರೋಗ್ಯವಾಗಿ ಉಳಿದ ಇನ್ನೊಂದು ಗ್ರಂಥಿಯನ್ನೂ ಅದು ಸೊರಗಿಸಿ ಅಡಿಸನ್ ಕಂಡ ರೋಗವನ್ನು ಮದ್ದಿನ ಮೂಲಕವೇ ತರುವುದರಿಂದ, ಹೈಡ್ರೊಕಾರ್ಟಿಸೋನ್ ಮಾತ್ರೆಯನ್ನು ಜೊತೆಗೆ ಕೊಟ್ಟು, ಜ್ವರ ಬಂದ ದಿನ ಅದನ್ನು ಹೆಚ್ಚಿಸುವುದನ್ನು ರೋಗಿಗೂ ಮನೆಯವರಿಗೂ ಕಲಿಸಬೇಕು. 500 ಮಿಲಿಗ್ರಾಮಿನ ಆ ಮಾತ್ರೆಯನ್ನು ಪುಡಿಮಾಡಬಾರದು, ಆರೈಕೆ ಮಾಡುವವರು ಕೈಗವಸು ಹಾಕದೆ ಮುಟ್ಟಬಾರದು ಎಂಬುದು ವೈದ್ಯಕೀಯ ಸೂಚನೆ. ನೂರು ಲೀಟರಿಗೆ ಒಂದು ಕಿಲೋ ಎಂದು ಅಡಿಕೆ ತೋಟದ ಕೆಲಸಗಾರ ಬಾಯಿಪಾಠ ಮಾಡಿಕೊಂಡಿದ್ದ ಲೆಕ್ಕಕ್ಕೂ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಪ್ರಯೋಗಾಲಯ ಬರೆದುಕೊಡುವ ಚೀಟಿಗೂ ನಡುವೆ ಇಪ್ಪತ್ತು ವರ್ಷಗಳ ಕಾಲ ಪಡ್ರೆಯ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಹಾರಿತು. ಕೆಳಗೆ ಶಾಲೆಗೆ ನಡೆದು ಹೋಗುತ್ತಿದ್ದ ಮಕ್ಕಳ ಕೈಯಲ್ಲಿ ಗವಸಿರಲಿಲ್ಲ, ಅವರ ರಕ್ತದಲ್ಲಿ ಎಷ್ಟಿದೆಯೆಂದು ಅಳೆಯಲು ಆಗ ಯಾರೂ ಬರಲಿಲ್ಲ. ಆದರೂ ಊರವರ ಬಾಯಲ್ಲಿ ಅದರ ಹೆಸರು ಕೊನೆಯವರೆಗೂ ಮದ್ದು ಎಂದೇ ಉಳಿಯಿತು.